ಕಟ್ಟಿನ ಅಂಗಡಿಗೆ ನಾಲ್ಕು ಸ್ಟಾರ್

ಅಂಕೋಲೆಯಲ್ಲಿ ಬಸ್ ಸ್ಟ್ಯಾಂಡಿನಿಂದ ಪೇಟೆ ಕಡೆ ನಡೆದರೆ ಎಡಗಡೆ ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯೊಂದಿದೆ. ಹೆಸರಿನ ಬೋರ್ಡು ಇತ್ತು. ಎರಡು ಮಳೆಗಾಲದ ಹಿಂದೆ ಅರ್ಧ ಅಕ್ಷರ ಕಿತ್ತುಹೋದವು, ಉಳಿದರ್ಧ ಬಿಸಿಲಿಗೆ ಬಿಳುಚಿಕೊಂಡವು. ಊರವರಿಗೆ ಅದು ಕಟ್ಟಿನ ಅಂಗಡಿ, ಅಷ್ಟೆ. ಪಕ್ಕದಲ್ಲಿ ಹೊಲಿಗೆಯವರು, ಎದುರಿಗೆ ಒಣಮೀನಿನ ವಾಸನೆ. ಇಷ್ಟು ಗುರುತು ಸಾಕು, ಯಾರನ್ನು ಕೇಳಿದರೂ ತೋರಿಸುತ್ತಾರೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಅಂಗಡಿಯವನು ನನ್ನ ವಿದ್ಯಾರ್ಥಿ. ಎಂಟರಿಂದ ಹತ್ತನೇ ಇಯತ್ತೆಯವರೆಗೆ ನನ್ನ ಹತ್ತಿರ ಕನ್ನಡ ಕಲಿತವನು. ಮಹಾಪ್ರಾಣ ಅಂದರೆ ಅವನಿಗೆ ಪ್ರಾಣಸಂಕಟ. ಧನ ಅಂತ ಬರೆಯಲು ಹೇಳಿದರೆ ದನ ಅಂತ ಬರೆದು ಕೊಡುತ್ತಿದ್ದ. ಈಗ ಅವನೇ ಊರಿನ ಬ್ಯಾನರುಗಳಿಗೆಲ್ಲ ಅಕ್ಷರ ಕೂರಿಸುತ್ತಾನೆ. ಹಾಗಾಗಿ ನನ್ನ ಹೊಗಳಿಕೆಯಲ್ಲಿ ಎರಡಾಣೆ ಕಳೆದು ಓದಿಕೊಳ್ಳಿ.

ನಿವೃತ್ತಿಯಾದ ಮೇಲೆ ನಾನು ನಮ್ಮೂರಿನ ಒಂದು ಸಣ್ಣ ವಾಚನಾಲಯ ನೋಡಿಕೊಳ್ಳುತ್ತಿದ್ದೇನೆ. ಮೂರು ಕಪಾಟು, ನಾಲ್ಕು ಪೇಪರು, ಒಂದು ಫ್ಯಾನು. ನಾಡಿನಲ್ಲಿ ಯಾರಾದರೂ ದೊಡ್ಡವರು ತೀರಿಕೊಂಡರೆ ಸಂಜೆ ಹೊತ್ತು ಇಪ್ಪತ್ತು ಇಪ್ಪತ್ತೈದು ಜನ ಸೇರಿ ನುಡಿನಮನ ಮಾಡುವ ರೂಢಿ ಇದೆ. ಅದಕ್ಕೆ ಬೇಕಾದದ್ದು ಒಂದು ಹಾರ, ಒಂದು ದೀಪ, ಒಂದು ಬ್ಯಾನರು, ಕಟ್ಟು ಹಾಕಿದ ಒಂದು ಫೋಟೋ. ಹಾರ, ದೀಪದಲ್ಲಿ ಯಾರೂ ತಪ್ಪು ಮಾಡುವುದಿಲ್ಲ. ಬ್ಯಾನರಿನಲ್ಲಿ ಮಾಡುತ್ತಾರೆ. ಹೇಗೆ ಅಂತ ಕೇಳಿ.

2024ರ ಡಿಸೆಂಬರ್ 16, ಸೋಮವಾರ. ಹೊನ್ನಳ್ಳಿಯ ತುಳಸಿ ಗೌಡರು ಹೋದರು ಅಂತ ಸುದ್ದಿ ಬಂತು. ನಮ್ಮ ತಾಲ್ಲೂಕಿನವರೇ ಅಲ್ವಾ. ಮಾರನೆಯ ದಿನವೇ ಸಣ್ಣದೊಂದು ಸಭೆ ಮಾಡೋಣ ಎಂದರು. ಕಟ್ಟಿನ ಅಂಗಡಿ ನೋಡಿದರೆ ಬಾಗಿಲು ಹಾಕಿದೆ, ಅವನು ಯಾವುದೋ ಮದುವೆಗೆ ಹೋಗಿದ್ದಾನೆ. ಗಡಿಬಿಡಿಯಲ್ಲಿ ಬೇರೆ ಊರಿನ ಇನ್ನೊಂದು ಅಂಗಡಿಗೆ ವಾಟ್ಸಾಪಿನಲ್ಲಿ ಫೋಟೋ, ಬರಹ ಎರಡೂ ಕಳಿಸಿದೆವು. ಯಾವ ಅಂಗಡಿ ಅಂತ ಹೇಳುವುದಿಲ್ಲ. ಅವರಿಗೂ ಹೊಟ್ಟೆಪಾಡು.

ಮಧ್ಯಾಹ್ನ ಬ್ಯಾನರು ಬಂತು. ಬಿಚ್ಚಿದೆ. ಮೇಲುಗಡೆ "ಶ್ರದ್ದಾಂಜಲಿ". ಧ ಇಲ್ಲ, ದಕ್ಕೆ ದ ಒತ್ತು. ಇದು ಮಾಮೂಲಿ, ಜಿಲ್ಲೆಯ ಅರ್ಧ ಬ್ಯಾನರಿನಲ್ಲಿ ಹೀಗೇ ಇರುತ್ತದೆ. ಅದರ ಕೆಳಗೆ "ಪದ್ಮಶ್ ರೀ". ಮೊಬೈಲಿನಲ್ಲಿ ಟೈಪ್ ಮಾಡಿದ ಕನ್ನಡವನ್ನು ಹಳೇ ಡಿಸೈನ್ ತಂತ್ರಾಂಶಕ್ಕೆ ಹಾಗೇ ಅಂಟಿಸಿದರೆ ಒತ್ತಕ್ಷರ ಬಿಟ್ಟುಕೊಳ್ಳುತ್ತದೆ. ನುಡಿ ಎನ್ನುವ ಕನ್ನಡ ತಂತ್ರಾಂಶದ ಅಕ್ಷರದಲ್ಲಿ ಮತ್ತೆ ಟೈಪ್ ಮಾಡಬೇಕು, ಇಲ್ಲಾ ಪರಿವರ್ತಿಸಿಕೊಳ್ಳಬೇಕು. ಅವರು ಎರಡೂ ಮಾಡಿರಲಿಲ್ಲ. ಇಷ್ಟಾದರೂ ಸಹಿಸಬಹುದಿತ್ತು. ಎಲ್ಲಕ್ಕಿಂತ ಕೆಳಗೆ, ಹಳದಿ ಪಟ್ಟಿಯಲ್ಲಿ, ದಪ್ಪ ಅಕ್ಷರದಲ್ಲಿ "ಶುಭ ಕೋರುವವರು" ಅಂತ ಬರೆದು ನಮ್ಮ ವಾಚನಾಲಯದ ಹೆಸರು!

ಯಾರದೋ ಹುಟ್ಟುಹಬ್ಬದ ಬ್ಯಾನರಿನಲ್ಲಿ ಫೋಟೋ ಬದಲಿಸಿ ಕೊಟ್ಟಿದ್ದರು. ಮೂಲೆಯಲ್ಲಿ ಬಲೂನು ಕೂಡ ಉಳಿದಿತ್ತು. ಒಂದು ಕೆಂಪು, ಒಂದು ನೀಲಿ.

ಕೆಳಗಿನ ಪಟ್ಟಿ ಮಡಚಿ ಪಿನ್ನು ಹೊಡೆದು, ಬಲೂನಿನ ಮೇಲೆ ಹಾರ ಇಳಿಬಿಟ್ಟು, ಹೇಗೋ ಸಭೆ ಮುಗಿಸಿದೆವು. ನನಗೆ ಮಾತ್ರ ಹೊಟ್ಟೆಯೊಳಗೆ ಮುಳ್ಳಾಡಿದ ಹಾಗಾಯಿತು. ಭಾನುವಾರ ದೊಡ್ಡ ಸಭೆ ಇಟ್ಟುಕೊಂಡಿದ್ದೆವು. ಬುಧವಾರ ಬೆಳಿಗ್ಗೆ ಕಟ್ಟಿನ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತೆ.

ಅವನು ಬಂದ. ಫೋಟೋ ತೋರಿಸಿದೆ. ಎಲ್ಲರ ಮೊಬೈಲಿಗೂ ಬಂದಿದ್ದ ಅದೇ ಫೋಟೋ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಿಂತು ಕೋವಿಂದರ ಕೈಯಿಂದ ಪದ್ಮಶ್ರೀ ತೆಗೆದುಕೊಳ್ಳುವುದು. ಪ್ರಶಸ್ತಿ ಘೋಷಣೆಯಾದದ್ದು 2020ರಲ್ಲಿ. ಕೊರೋನಾ ಬಂದು ಕೊಡುವುದು ತಡವಾಯಿತು. ಅವನು ನೋಡಿದ. ಅವನ ಒಂದು ಅಭ್ಯಾಸ ನನಗೆ ಗೊತ್ತು. ಯಾರ ಫೋಟೋ ಕೊಟ್ಟರೂ ಮೊದಲು ಒಂದೇ ಪ್ರಶ್ನೆ ಕೇಳುತ್ತಾನೆ. ಗೊತ್ತಿರಲಿ, ಗೊತ್ತಿಲ್ಲದಿರಲಿ, ಕೇಳಿಯೇ ಕೇಳುತ್ತಾನೆ.

"ಅಕ್ಕೋರೆ, ಇವರು ಏನು ಮಾಡಿದವರು?"

"ನಿನಗೆ ತುಳಸಜ್ಜಿ ಗೊತ್ತಿಲ್ವೇನೋ?"

"ಗೊತ್ತದೆ. ಪ್ರಶಸ್ತಿ ತೆಗೆದುಕೊಂಡಿದ್ದು ಒಂದು ದಿನ. ಉಳಿದ ದಿನ ಏನು ಮಾಡಿದ್ರು? ಅದರ ಫೋಟೋ ಅದೆಯಾ?"

ಈ ಪ್ರಶ್ನೆಗೇ ನಾನು ಈ ಅಂಗಡಿಗೆ ನಾಲ್ಕು ಸ್ಟಾರ್ ಕೊಡುವುದು. ಉಳಿದದ್ದೆಲ್ಲ ಆಮೇಲಿನ ಮಾತು.

ಉಳಿದ ದಿನ ಅವರು ಏನು ಮಾಡಿದರು ಅಂತ ನಮಗೆಲ್ಲ ಗೊತ್ತೇ ಇತ್ತು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಚಿಕ್ಕಂದಿನಲ್ಲೇ ಅಪ್ಪ ಇಲ್ಲ. ತಾಯಿಯ ಜೊತೆ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುತ್ತಿದ್ದ ಹುಡುಗಿ. ವರ್ಷಗಟ್ಟಲೆ ದಿನಗೂಲಿ, ಆಮೇಲೆ ಖಾಯಂ. ಕಾಡಿನಲ್ಲಿ ಯಾವ ಜಾತಿಯ ತಾಯಿಮರ ಎಲ್ಲಿದೆ, ಅದರ ಬೀಜವನ್ನು ಯಾವಾಗ ಆರಿಸಬೇಕು, ಹೇಗೆ ಹಾಕಿದರೆ ಮೊಳೆಯುತ್ತದೆ, ಇದೆಲ್ಲ ಬಾಯಲ್ಲಿ. ಓದಿದ ಅಧಿಕಾರಿಗಳೇ ಬಂದು ಕೇಳಿಕೊಂಡು ಹೋಗುತ್ತಿದ್ದರು. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. ನಾವೆಲ್ಲ ಸರಿಯಾಗಿ ತಿರುಗಿ ನೋಡಿದ್ದು ಮಾತ್ರ ಆ ಬರಿಗಾಲಿನ ಫೋಟೋ ಬಂದ ಮೇಲೆ.

ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದ್ದ ನೆಂಟರೊಬ್ಬರಿಗೆ ಫೋನ್ ಮಾಡಿದೆ. ಅವರ ಹತ್ತಿರ ಒಂದು ಹಳೇ ಫೋಟೋ ಸಿಕ್ಕಿತು. ಅಜ್ಜಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಸುತ್ತ ಕಪ್ಪು ಕೊಟ್ಟೆಗಳಲ್ಲಿ, ಅಂದರೆ ಸಣ್ಣ ಚೀಲಗಳಲ್ಲಿ, ಸಸಿ. ಕ್ಯಾಮೆರಾ ಕಡೆ ನೋಡುತ್ತಿಲ್ಲ. ಎಡಗೈಯಲ್ಲಿ ಒಂದು ಕೊಟ್ಟೆ ಓರೆ ಹಿಡಿದು, ಬಲಗೈ ಹೆಬ್ಬೆರಳಿನಿಂದ ಬುಡದ ಮಣ್ಣು ಒತ್ತುತ್ತಿದ್ದಾರೆ. ಉಗುರಿನ ಸುತ್ತ ಮಣ್ಣು ಕಟ್ಟಿ ಕಪ್ಪಾಗಿದೆ. ಅಂಗಡಿಯವನು ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡುತ್ತ ಆ ಹೆಬ್ಬೆರಳಿನ ಹತ್ತಿರ ಬಂದು ನಿಲ್ಲಿಸಿದ. "ಇದು ಸಾಕು ಅಕ್ಕೋರೆ" ಅಂದ.

ಆಮೇಲೆ ಇಬ್ಬರಿಗೂ ಸ್ವಲ್ಪ ಜಟಾಪಟಿ ಆಯಿತು. ಫ್ಲೆಕ್ಸ್ ಬೇಡ, ಬಟ್ಟೆ ಬೇಕು ಎಂದೆ. ಮರ ಬೆಳೆಸಿದವರನ್ನು ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸುವುದು ಸರಿಯಾ? ಪ್ಲಾಸ್ಟಿಕ್ ಫ್ಲೆಕ್ಸನ್ನು ಸರ್ಕಾರ 2016ರಲ್ಲೇ ನಿಷೇಧಿಸಿದೆ, ಯಾರೂ ಕೇಳುವುದಿಲ್ಲ ಅನ್ನುವುದು ಬೇರೆ ಮಾತು. ಅವನು ನಗುತ್ತ "ಅಜ್ಜಿ ಸಸಿ ಮಾಡಿದ್ದೂ ಪ್ಲಾಸ್ಟಿಕ್ ಕೊಟ್ಟೆಯಲ್ಲೇ" ಎಂದು ಪರದೆ ತೋರಿಸಿದ. ಇವನಿಗೆ ತರ್ಕ ಕಲಿಸಿದ್ದು ಯಾರೋ. ನಾನಂತೂ ಅಲ್ಲ.

ಕೊನೆಗೆ ಬಟ್ಟೆಯೇ ಆಯಿತು. ಬಟ್ಟೆ ಮೇಲೆ ಅಚ್ಚು ಹಾಕುವ ಯಂತ್ರ ಅವನಲ್ಲಿಲ್ಲ. ಹುಬ್ಬಳ್ಳಿಗೆ ಫೈಲ್ ಕಳಿಸುತ್ತಾನೆ. ಮಾಲು ಬಸ್ಸಿನಲ್ಲಿ ಅರಬೈಲ್ ಘಟ್ಟ ಇಳಿದು ಬರುತ್ತದೆ. ನಾಲ್ಕಡಿ ಅಗಲ, ಮೂರಡಿ ಎತ್ತರದ್ದಕ್ಕೆ ಬಸ್ ಬಾಡಿಗೆ ಸೇರಿ 650 ರೂಪಾಯಿ ತೆಗೆದುಕೊಂಡ. ಅದೇ ಅಳತೆಯ ಫ್ಲೆಕ್ಸ್ ಆಗಿದ್ದರೆ ಇನ್ನೂರರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಜಾಸ್ತಿಯೇ, ಸುಳ್ಳು ಹೇಳುವುದಿಲ್ಲ. ಆದರೆ ಬಟ್ಟೆ ಹೊಳೆಯುವುದಿಲ್ಲ. ಟ್ಯೂಬ್‌ಲೈಟಿನ ಬೆಳಕು ಮುಖದ ಮೇಲೆ ಬಿದ್ದು ಕಣ್ಣಿಗೆ ಹೊಡೆಯುವುದಿಲ್ಲ. ಹಿಂದಿನ ಸಾಲಿನವರಿಗೂ ಮುಖ ಕಾಣುತ್ತದೆ. ಮಡಚಿ ಕಪಾಟಿನಲ್ಲಿ ಇಡಬಹುದು. ನಾವು ಆಮೇಲೆ 2025ರ ಜೂನ್ 5ರ ಪರಿಸರ ದಿನಕ್ಕೂ ಅದನ್ನೇ ಕಟ್ಟಿದೆವು.

ಹುಟ್ಟಿದ ವರ್ಷದ್ದೂ ಒಂದು ಪೇಚಾಟ. ಒಂದು ಕಡೆ 1944 ಅಂತಿತ್ತು. ಪೇಪರಿನಲ್ಲಿ ತೀರಿಕೊಂಡಾಗ 86 ವರ್ಷ ಅಂತ ಬಂದಿತ್ತು. ಎರಡೂ ಕೂಡುವುದಿಲ್ಲ. ನಾನು ಲೆಕ್ಕ ಹಾಕುತ್ತ ಕೂತೆ. ಅವನು ವರ್ಷದ ಸಾಲನ್ನೇ ತೆಗೆದು ಹಾಕಿ, "ಹೊನ್ನಳ್ಳಿಯ ತುಳಸಿ ಗೌಡ. ಬೀಜ ಆರಿಸಿದವರು, ಸಸಿ ಮಾಡಿದವರು" ಅಂತ ಎರಡು ಸಾಲು ಕೂರಿಸಿದ. ಭಾವಪೂರ್ಣ ಇಲ್ಲ, ತುಂಬಲಾರದ ನಷ್ಟ ಇಲ್ಲ, ಮತ್ತೆ ಹುಟ್ಟಿ ಬನ್ನಿಯೂ ಇಲ್ಲ. ಆರಿಸಿದವರು, ಮಾಡಿದವರು. ಮಹಾಪ್ರಾಣವೂ ಇಲ್ಲ ನೋಡಿ, ಅವನಿಗೆ ಅನುಕೂಲ.

ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಬಡಗೇರಿಯ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮ ಗೌಡರು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದೇ ತಾಲ್ಲೂಕಿನ, ಹಾಲಕ್ಕಿ ಸಮುದಾಯದ ಇಬ್ಬರು ಅಜ್ಜಿಯರು, ಇಬ್ಬರೂ ಪದ್ಮಶ್ರೀ, ಒಂದೇ ಚಳಿಗಾಲದಲ್ಲಿ. ಸುಕ್ರಜ್ಜಿಗೆ ಪದ್ಮಶ್ರೀ ಬಂದದ್ದು 2017ರಲ್ಲಿ.

ಈ ಸಲ ಫೋಟೋ ತಂದವನು ನಮ್ಮ ವಾಚನಾಲಯಕ್ಕೆ ಬರುವ ಕಾಲೇಜು ಹುಡುಗ. ಮೊಬೈಲಿನಲ್ಲಿ ಯಾವುದೋ ಕೃತಕ ಬುದ್ಧಿಯ ಆ್ಯಪಿಗೆ ಹಾಕಿ "ಕ್ಲಿಯರ್" ಮಾಡಿಸಿದ್ದ. ನಿಜಕ್ಕೂ ಚಕಚಕ ಅನ್ನುತ್ತಿತ್ತು. ಅಂಗಡಿಯವನು ಬೆರಳಲ್ಲಿ ಹಿಗ್ಗಿಸಿ, "ಅಕ್ಕೋರೆ, ಇಲ್ಲಿ ನೋಡಿ" ಎಂದು ಕುತ್ತಿಗೆ ತೋರಿಸಿದ.

ಹಾಲಕ್ಕಿ ಅಜ್ಜಿಯರ ಕುತ್ತಿಗೆ ನೋಡಿದವರಿಗೆ ಗೊತ್ತು. ಮಣಿಸರದ ಮೇಲೆ ಮಣಿಸರ, ಅದರ ಮೇಲೆ ಮತ್ತೊಂದು, ಎದೆಯವರೆಗೆ ರಾಶಿ. ಕರಿ, ಹಳದಿ, ಕೆಂಪು, ಬಿಳಿ. ಆ ಆ್ಯಪು ಇಷ್ಟು ಮಣಿಯನ್ನು ಲೆಕ್ಕ ಹಾಕಲಾರದೆ ಎಲ್ಲ ಕೂಡಿಸಿ ಅಗಲವಾದ ಒಂದು ಚಿನ್ನದ ನೆಕ್ಲೇಸ್ ಮಾಡಿಬಿಟ್ಟಿತ್ತು. ಹೆಗಲಿನ ಮೇಲೆ ಇಲ್ಲದ ರವಿಕೆ ಹೊಲಿದಿತ್ತು. ಮುಖದ ಸುಕ್ಕು ಒರೆಸಿತ್ತು. ದೂರದಿಂದ ಸುಕ್ರಜ್ಜಿ, ಹತ್ತಿರದಿಂದ ಯಾವುದೋ ಸೀರಿಯಲ್ಲಿನ ಅತ್ತೆ.

"ಇದನ್ನ ನಾ ಹಾಕೂದಿಲ್ಲ" ಅಂದ. ಹುಡುಗನಿಗೆ ಸಿಟ್ಟು ಬಂತು. ಗಿರಾಕಿ ಹೇಳಿದ್ದು ಮಾಡಬೇಕಪ್ಪ ಅಂತ ಅವನ ವಾದ. ಅಂಗಡಿಯವನು ವಾದ ಮಾಡಲಿಲ್ಲ. ಮೂಲ ಫೋಟೋ ತರಿಸಿಕೊಂಡ. ಅದೂ ವಾಟ್ಸಾಪಿನಲ್ಲಲ್ಲ, ಇಮೇಲಿನಲ್ಲಿ. ವಾಟ್ಸಾಪು ಫೋಟೋವನ್ನು ಹಿಂಡಿ ಕಳಿಸುತ್ತದೆ, ದೊಡ್ಡದು ಮಾಡಿದರೆ ಚೌಕ ಚೌಕ ಒಡೆಯುತ್ತದೆ. ಮೂಲದ್ದೂ ಸ್ವಲ್ಪ ಮಸುಕೇ. ಅದಕ್ಕವನು ಅಳತೆಯನ್ನೇ ಚಿಕ್ಕದು ಮಾಡಿದ. 18 ಇಂಚಿನ ಬದಲು 12. ಸುತ್ತ ಬಿಳಿ ಮೌಂಟ್ ಬೋರ್ಡು ಅಗಲವಾಗಿ ಬಿಟ್ಟ. ಫೋಟೋ ಸಣ್ಣದಾಯಿತು, ಮಣಿ ಒಂದೊಂದೂ ಎಣಿಸುವ ಹಾಗೆ ಉಳಿಯಿತು.

ಅಜ್ಜಿ ಅದರಲ್ಲಿ ಹಾಡುತ್ತಿದ್ದಾರೆ, ಕಣ್ಣು ಅರ್ಧ ಮುಚ್ಚಿದೆ. ಅವರ ಬಾಯಲ್ಲಿದ್ದ ಹಾಡುಗಳನ್ನು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. ಆಕಾಶವಾಣಿಯವರು ಧ್ವನಿ ಮುದ್ರಿಸಿ ಇಟ್ಟುಕೊಂಡಿದ್ದಾರೆ. ನನಗೆ ಅವರು ಇನ್ನೊಂದು ಕಾರಣಕ್ಕೆ ದೊಡ್ಡವರು. ಕುಡಿತದಿಂದ ತನ್ನ ಮನೆ ಹಾಳಾದದ್ದನ್ನು ಕಂಡ ಹೆಂಗಸು ಸಾರಾಯಿಯ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ಬೀದಿಗೆ ಇಳಿದರು. ಬೀದಿಗೆ ಇಳಿದ ಫೋಟೋ ಎಲ್ಲೂ ಸಿಗಲಿಲ್ಲ. ಹಾಗಾಗಿ ಕೆಳಗಿನ ಸಾಲಿನಲ್ಲಿ "ಹಾಡಿದವರು, ಸಾರಾಯಿ ಬೇಡ ಅಂದವರು" ಅಂತ ಬರೆಸಿದೆ. ಸಭೆಗೆ ಬಂದ ಒಬ್ಬ ಹಿರಿಯರು "ಸಾರಾಯಿ ಅನ್ನುವ ಶಬ್ದ ದೇವರ ಪಟದ ಹಾಗಿರುವ ಫೋಟೋದ ಕೆಳಗೆ ಯಾಕೆ ತಂಗಿ?" ಎಂದರು. ಇರಲಿ ಬಿಡಿ ಎಂದೆ.

ಈಗ ಕಟ್ಟಿನ ಕೆಲಸದ ಬಗ್ಗೆ ಹೇಳಬೇಕು. ಕರಾವಳಿಯಲ್ಲಿ ಫೋಟೋಕ್ಕೆ ಕಟ್ಟು ಹಾಕುವುದು ಅಂದರೆ ಮಳೆಯ ಜೊತೆ ಜಗಳ. ಮನೆಮನೆಯಲ್ಲೂ ನೋಡಿರುತ್ತೀರಿ. ಅಜ್ಜನ ಫೋಟೋ ಗಾಜಿಗೆ ಅಂಟಿಕೊಂಡು, ಕೆನ್ನೆಯ ಮೇಲೆ ಬಿಳಿ ಬೂಷ್ಟು ಬಂದು, ಯಾವುದು ಗಡ್ಡ ಯಾವುದು ಬೂಷ್ಟು ಅಂತ ತಿಳಿಯುವುದಿಲ್ಲ. ಬಿಡಿಸಲು ಹೋದರೆ ಮುಖವೇ ಗಾಜಿನ ಜೊತೆ ಕಿತ್ತು ಬರುತ್ತದೆ. ಫೋಟೋ ನೇರ ಗಾಜಿಗೆ ತಾಗಿದರೆ ಹೀಗಾಗುತ್ತದೆ. ಇವನು ನಡುವೆ ಮೌಂಟ್ ಬೋರ್ಡು ಕೊಟ್ಟು ಒಂದೆಳೆ ಅಂತರ ಬಿಡುತ್ತಾನೆ. ಹಿಂದುಗಡೆ ಸುತ್ತಲೂ ಕಂದು ಕಾಗದದ ಪಟ್ಟಿ ಅಂಟಿಸುತ್ತಾನೆ, ಹುಳ ಒಳಗೆ ಹೋಗದಂತೆ. ಕೊಕ್ಕೆ ಹಿತ್ತಾಳೆಯದು, ಕಬ್ಬಿಣದ್ದು ಉಪ್ಪುಗಾಳಿಗೆ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಕಟ್ಟು ನೆಲಕ್ಕೆ ಬೀಳುತ್ತದೆ.

ಇನ್ನೊಂದು ಸಣ್ಣ ಕೆಲಸ ಮಾಡುತ್ತಾನೆ. ಬಾಟಲಿಯ ಬೂಚನ್ನು ಬಿಲ್ಲೆಯ ಹಾಗೆ ಕೊಯ್ದು, ಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅಂಟಿಸುತ್ತಾನೆ. ಆಗ ಕಟ್ಟು ಗೋಡೆಗೆ ತಾಗುವುದಿಲ್ಲ, ಹಿಂದೆ ಗಾಳಿ ಆಡುತ್ತದೆ. ಒದ್ದೆ ಗೋಡೆಯ ಪಸೆ ಏರುವುದಿಲ್ಲ. ಇದಕ್ಕೆ ದುಡ್ಡು ಹಿಡಿಯುವುದಿಲ್ಲ. ನಮ್ಮ ವಾಚನಾಲಯದಲ್ಲಿ ಅವನು ಕಟ್ಟು ಹಾಕಿದ ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಫೋಟೋ ಇದೆ, ಭಸ್ಮಾಸುರನ ವೇಷದಲ್ಲಿ. ಅವರು ಹೋದದ್ದು 2017ರ ಅಕ್ಟೋಬರ್ 3ರಂದು. ಅಂದಿನಿಂದ ಎಂಟು ಮಳೆಗಾಲ ಕಳೆದವು. ಭಸ್ಮಾಸುರನ ಕಣ್ಣು ಇನ್ನೂ ಕೆಂಪಗೇ ಇದೆ.

ಯಕ್ಷಗಾನದ ಮಾತು ಬಂತಲ್ಲ, ಇದನ್ನೂ ಹೇಳಿಬಿಡುತ್ತೇನೆ. 2024ರ ಏಪ್ರಿಲ್ 25ಕ್ಕೆ ಭಾಗವತರಾದ ಸುಬ್ರಹ್ಮಣ್ಯ ಧಾರೇಶ್ವರರು ತೀರಿಕೊಂಡರು. ಪೆರ್ಡೂರು ಮೇಳದಲ್ಲಿ ಅವರ ಪದ್ಯ ಕೇಳಲಿಕ್ಕಾಗಿಯೇ ರಾತ್ರಿಯಿಡೀ ಕೂತವರು ನಮ್ಮಲ್ಲಿ ಹತ್ತು ಜನರಾದರೂ ಇದ್ದಾರೆ. ವೇಷ ನೋಡಲು ಹೋಗುವ ಆಟಕ್ಕೆ ಪದ್ಯ ಕೇಳಲು ಜನ ಬರುವ ಹಾಗೆ ಮಾಡಿದವರು. ಎರಡು ಫೋಟೋ ಇತ್ತು. ಒಂದರಲ್ಲಿ ಶಾಲು ಹೊದ್ದು ಗಂಭೀರವಾಗಿ ಕೂತಿದ್ದಾರೆ. ಇನ್ನೊಂದರಲ್ಲಿ ತಲೆಗೆ ಮುಂಡಾಸು, ಕೈಯಲ್ಲಿ ತಾಳ, ಬಾಯಿ ದೊಡ್ಡದಾಗಿ ತೆರೆದು ಎತ್ತರದ ಸ್ವರದಲ್ಲೆಲ್ಲೋ ಇದ್ದಾರೆ, ಕುತ್ತಿಗೆಯ ನರ ಉಬ್ಬಿದೆ. ನಮ್ಮವರೆಲ್ಲ ಶಾಲಿನದ್ದೇ ಇರಲಿ, ಮರ್ಯಾದೆಯಾಗಿದೆ ಎಂದರು. ಅಂಗಡಿಯವನು ಎರಡನ್ನೂ ಮೇಜಿನ ಮೇಲೆ ಇಟ್ಟು, "ಭಾಗವತರು ಬಾಯಿ ಮುಚ್ಚಿದ ಫೋಟೋ ಹಾಕಿದ್ರೆ ಗುರುತು ಹಿಡಿಯೋದು ಹ್ಯಾಂಗೆ?" ಅಂದ. ಅಷ್ಟೇ. ಬಾಯಿ ತೆರೆದದ್ದೇ ಈಗ ಗೋಡೆಯಲ್ಲಿದೆ.

ಅಪರ್ಣಾ ಅವರದು ಕಷ್ಟವಾಯಿತು. 2024ರ ಜುಲೈ 11. ನನಗೆ ಆ ಸಾವು ಸ್ವಂತದ್ದು ಅನ್ನಿಸಿತ್ತು. ಮೂವತ್ತು ವರ್ಷ ಮಕ್ಕಳಿಗೆ ಅಲ್ಪಪ್ರಾಣ ಮಹಾಪ್ರಾಣ ಕಲಿಸಿ ಗಂಟಲು ಒಣಗಿಸಿಕೊಂಡವಳು ನಾನು. ಟೀವಿಯಲ್ಲಿ ಆ ಹೆಣ್ಣುಮಗಳು ಮಾತಾಡಿದರೆ, ನೋಡಿ, ಹೀಗೆ ಮಾತಾಡಬೇಕು ಅಂತ ತರಗತಿಯಲ್ಲಿ ಹೇಳುತ್ತಿದ್ದೆ. ಚಂದನದ ನಿರೂಪಣೆ, ಆಮೇಲೆ ಮಜಾ ಟಾಕೀಸಿನ ವರಲಕ್ಷ್ಮಿ. ಅದರಲ್ಲಿ ತನ್ನ ಚೊಕ್ಕ ಕನ್ನಡವನ್ನು ತಾನೇ ತಮಾಷೆ ಮಾಡಿಕೊಂಡು ನಕ್ಕವರು. ಬೆಂಗಳೂರಿನ ನಮ್ಮ ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಯಾವುದು ಅಂತ ಹೇಳುವ ಧ್ವನಿಯೂ ಅವರದೇ. ಮಗಳ ಮನೆಗೆ ಹೋದಾಗ ನಾನು ಇಳಿಯುವ ನಿಲ್ದಾಣ ಬಿಟ್ಟು ಸುಮ್ನೆ ಇನ್ನೊಂದು ನಿಲ್ದಾಣ ಮುಂದೆ ಹೋದದ್ದೂ ಇದೆ.

"ಏನು ಮಾಡಿದವರು?" ಅಂತ ಎಂದಿನಂತೆ ಕೇಳಿದ.

"ಮಾತಾಡಿದವರು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಧ್ವನಿಗೆ ಹೇಗೆ ಕಟ್ಟು ಹಾಕುವುದು ಹೇಳಿ. ಕಡೆಗೆ ಮೈಕಿನ ಮುಂದೆ ನಿಂತಿರುವ ಒಂದು ಫೋಟೋ ಆರಿಸಿದೆವು. ಅದಕ್ಕವನು ಒಂದು ಉಪಾಯ ಹೇಳಿದ. ಸಭೆ ಶುರುವಾಗುವ ಮುಂಚೆ ಫೋಟೋದ ಪಕ್ಕ ಸ್ಪೀಕರ್ ಇಟ್ಟು ಅವರ ಧ್ವನಿ ಕೇಳಿಸಿ, ಭಾಷಣ ಕಡಿಮೆ ಮಾಡಿ.

ಸಭೆ ಆ ತಿಂಗಳು ನಡೆಯಲೇ ಇಲ್ಲ. 16ನೇ ತಾರೀಕು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ರಸ್ತೆ ಬಂದ್. ಗಂಗಾವಳಿ ಹೊಳೆಯಲ್ಲಿ ಕೊಚ್ಚಿಹೋದವರ ಹುಡುಕಾಟ. ಎಷ್ಟೋ ದಿನ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಕಟ್ಟು ಅವನ ಅಂಗಡಿಯಲ್ಲೇ ಉಳಿಯಿತು. ಆಗಸ್ಟ್ ಕೊನೆಯಲ್ಲಿ ತರಲು ಹೋದರೆ ಹಳೇ ಪೇಪರಿನಲ್ಲಿ ಸುತ್ತಿ, ಒದ್ದೆಯಾಗದಂತೆ ಅಟ್ಟದ ಮೇಲೆ ಇಟ್ಟಿದ್ದ. ಸುತ್ತಿದ ಪೇಪರು ಆ ವಾರದ್ದೇ. ಮೇಲುಗಡೆ ಕುಸಿದ ಗುಡ್ಡದ ಚಿತ್ರ. ಇಬ್ಬರೂ ಅದನ್ನು ನೋಡಿದೆವು. ಏನೂ ಮಾತಾಡಲಿಲ್ಲ. 850 ರೂಪಾಯಿ ಕೊಟ್ಟು ತಂದೆ.

ಇನ್ನು ತಪ್ಪುಗಳು. ಇಲ್ಲದೇ ಏನು.

ಫೋನ್ ಎತ್ತುವುದಿಲ್ಲ. ಹತ್ತು ಸಲ ಮಾಡಿದರೆ ಒಂದು ಸಲ ಎತ್ತಿ "ಬಂದೆ" ಅನ್ನುತ್ತಾನೆ. ಎಲ್ಲಿಗೆ ಬಂದೆ? ಅಂಗಡಿಯಲ್ಲಿ ಕಾಯುತ್ತಿರುವುದು ನಾನು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಾನೆ. ಊಟ, ನಿದ್ದೆ. ಸಾವಿನ ಸುದ್ದಿ ಹೊತ್ತು ನೋಡಿ ಬರುತ್ತದಾ? ರಸೀದಿ ಕೇಳಿದರೆ ಮುಖ ಸಣ್ಣದಾಗುತ್ತದೆ. ನಮಗೆ ಲೆಕ್ಕ ಇಡಬೇಕಲ್ಲ, ಒತ್ತಾಯ ಮಾಡಿ ಬರೆಸಿಕೊಳ್ಳುತ್ತೇನೆ. ಅದರಲ್ಲಿ "ಫೋಟೋ ಕಟು" ಅಂತ ಬರೆದಿರುತ್ತಾನೆ, ಒತ್ತು ಮಾಯ.

ಕಪ್ಪು ಬಿಳುಪು ಫೋಟೋ ಅವನಿಗೆ ಬರುವುದೇ ಇಲ್ಲ. 2025ರ ಜುಲೈ 14ರಂದು ಬಿ. ಸರೋಜಾದೇವಿ ತೀರಿಕೊಂಡರು, 87 ವರ್ಷ. 1955ರ ಮಹಾಕವಿ ಕಾಳಿದಾಸದಿಂದ ಶುರುಮಾಡಿ ಕನ್ನಡ, ತಮಿಳು, ತೆಲುಗು, ಹಿಂದಿ ಎಲ್ಲ ಕಡೆ ನಾಯಕಿಯಾದವರು. ನನ್ನ ಅಕ್ಕ ಅವರ ಕಟ್ಟಾ ಅಭಿಮಾನಿ. ಆಗಿನ ಕಾಲದ ಕಪ್ಪು ಬಿಳುಪಿನದ್ದೇ ಬೇಕು ಅಂತ ಹಟ. ಇವನು ಬಣ್ಣದ ಪ್ರಿಂಟರಿನಲ್ಲೇ ತೆಗೆದ. ಬಿಳಿ ಇರಬೇಕಾದ ಕಡೆ ನಸುಹಸಿರು! ಕಿತ್ತೂರು ಚೆನ್ನಮ್ಮನಿಗೆ ಕಾಮಾಲೆ ಹಿಡಿದ ಹಾಗೆ. ಮತ್ತೆ ತೆಗೆದ, ಈ ಸಲ ನೇರಳೆ. ಮೂರನೆಯದು ಪರವಾಗಿಲ್ಲ ಅನ್ನುವ ಹಾಗಿತ್ತು. ಅಕ್ಕ ಒಪ್ಪಲಿಲ್ಲ. ಕೊನೆಗೆ ಬೇರೆ ಕಡೆ ಸ್ಟುಡಿಯೋದಲ್ಲಿ ತೆಗೆಸಿ, ಕಟ್ಟು ಮಾತ್ರ ಇವನ ಹತ್ತಿರ ಹಾಕಿಸಿದೆವು. ಹಾಳಾದ ಎರಡು ಪ್ರಿಂಟಿಗೆ ದುಡ್ಡು ಕೇಳಲಿಲ್ಲ ಅನ್ನುವುದನ್ನು ಹೇಳಲೇಬೇಕು. ಒಂದು ಸ್ಟಾರ್ ಕಡಿತ ಇದಕ್ಕೆ, ಫೋನಿಗೆ, ಮಧ್ಯಾಹ್ನದ ನಿದ್ದೆಗೆ, ಎಲ್ಲ ಸೇರಿಸಿ.

ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ಹೋದಾಗ ನಮ್ಮ ವಾಚನಾಲಯದಲ್ಲೇ ದೊಡ್ಡ ಗದ್ದಲ. ಅವರ ಪುಸ್ತಕದ ಮೇಲೆ ಜಗಳವಾಡದ ಓದುಗರು ಕರ್ನಾಟಕದಲ್ಲಿ ಇದ್ದಾರಾ? ಒಬ್ಬರು ಯುಗಪುರುಷ ಅಂತ ಬರೆಯಿರಿ ಅಂದರು. ಇನ್ನೊಬ್ಬರು ಹಾಗಾದರೆ ನಾನು ಸಭೆಗೇ ಬರುವುದಿಲ್ಲ ಅಂದರು. ಮೂರನೆಯವರು ಪದ್ಮಭೂಷಣ, ಸರಸ್ವತಿ ಸಮ್ಮಾನ ಎಲ್ಲ ಪಟ್ಟಿ ಹಾಕಿ ಎಂದರು. ನಾನು ಮೂರೂ ಚೀಟಿ ಹಿಡಿದುಕೊಂಡು ಅಂಗಡಿಗೆ ಹೋದೆ. ಅವನು ಕೇಳುವ ಮೊದಲೇ ಹೇಳಿದೆ. ಕಾದಂಬರಿ ಬರೆದವರು, ಕಾಲೇಜಿನಲ್ಲಿ ಪಾಠ ಮಾಡಿದವರು, ಹುಬ್ಬಳ್ಳಿಯಲ್ಲೂ ಮಾಡಿದ್ದರು.

"ಹಾಗಾದರೆ ಕಾದಂಬರಿಕಾರರು ಅಂತ ಬರೀತೆ. 1931ರಿಂದ 2025. ಜಗಳ ಮಾಡುವವರು ಅದರ ಕೆಳಗೆ ನಿಂತು ಮಾಡಲಿ" ಅಂದ.

ಹಾಗೇ ಆಯಿತು. ಒಂದೂವರೆ ತಾಸು ಜಗಳ. ಯಾರೂ ಸಭೆ ಬಿಟ್ಟು ಎದ್ದು ಹೋಗಲಿಲ್ಲ. ಚಾ ಎರಡು ಸಲ ತರಿಸಬೇಕಾಯಿತು.

ನವೆಂಬರ್ 14ಕ್ಕೆ ಸಾಲುಮರದ ತಿಮ್ಮಕ್ಕ. ಅವರದು ಸುಲಭ. ಹುಲಿಕಲ್ಲಿನಿಂದ ಕುದೂರಿನವರೆಗೆ ರಸ್ತೆಯ ಬದಿಗೆ ನೆಟ್ಟ 385 ಆಲದ ಮರವೇ ಇದೆಯಲ್ಲ. ಮಕ್ಕಳಿಲ್ಲ ಅಂತ ಗಂಡನ ಜೊತೆ ಸೇರಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ್ದು. ಅಂಗಡಿಯವನು ಈ ಸಲ ನಾನು ಹೇಳುವ ಮೊದಲೇ ಬಟ್ಟೆ ಎಂದ. ಅಜ್ಜಿಯ ಮುಖ ಮೂಲೆಯಲ್ಲಿ ಸಣ್ಣದಾಗಿ, ಉಳಿದದ್ದೆಲ್ಲ ರಸ್ತೆ ಮತ್ತು ನೆರಳು. ಎರಡೂ ಬಟ್ಟೆ, ತುಳಸಜ್ಜಿಯದು ಮತ್ತು ತಿಮ್ಮಕ್ಕನದು, ಈಗ ನಮ್ಮ ಕಪಾಟಿನ ಕೆಳಗಿನ ಹಲಗೆಯಲ್ಲಿ ಒಂದರ ಮೇಲೊಂದು ಇವೆ. ನುಸಿಗುಳಿಗೆ ಹಾಕಿದ್ದೇನೆ.

ಹೋಗುವವರು ಗಮನಿಸಿ. ಮೂಲ ಫೋಟೋ ಒಯ್ಯಿರಿ, ವಾಟ್ಸಾಪಿನದ್ದು ಬೇಡ. ಹೆಸರನ್ನು ಕಾಗದದಲ್ಲಿ ದಪ್ಪವಾಗಿ ಬರೆದು ಕೊಡಿ. ಅಚ್ಚಿಗೆ ಕಳಿಸುವ ಮುಂಚೆ ಪರದೆಯ ಮೇಲೆ ಒಂದೊಂದೇ ಅಕ್ಷರ ಓದಿ, ಧ ದ ಎರಡು ಸಲ ನೋಡಿ. ಬಟ್ಟೆ ಬೇಕಿದ್ದರೆ ಮೂರು ದಿನ ಇಟ್ಟುಕೊಳ್ಳಿ. ಗಣೇಶ ಚೌತಿಯ ಹಿಂದೆ ಮುಂದೆ ಹೋಗಬೇಡಿ, ಕೈಗೆ ಸಿಗುವುದಿಲ್ಲ. ಸಂಘದವರ ಹತ್ತು ಮುಖವನ್ನು ಕೆಳಗೆ ಸಾಲಾಗಿ ಹಾಕಿಸಬೇಕು ಅನ್ನುವವರು ಬೇರೆ ಅಂಗಡಿ ನೋಡಿಕೊಳ್ಳಿ. ಇವನು ಹಾಕುತ್ತಾನೆ, ಆದರೆ ಬೆರಳಿನ ಉಗುರಿನಷ್ಟು ಹಾಕುತ್ತಾನೆ.

ತಿಮ್ಮಕ್ಕನ ಬಟ್ಟೆ ತರಲು ಹೋದ ದಿನ ಹಣ ಎಣಿಸಿ ಕೊಟ್ಟು ಮೆಟ್ಟಿಲು ಇಳಿಯುತ್ತಿದ್ದೆ. ಹಿಂದಿನಿಂದ ಕರೆದ.

"ಅಕ್ಕೋರೆ, ನಿಮ್ಮದೊಂದು ಒಳ್ಳೇ ಫೋಟೋ ಅದೆಯಾ?"

"ನನ್ನದು ಯಾಕೋ ಈಗಲೇ?"

"ಸುಮ್ನೆ ಕೇಳಿದೆ. ಪಾಠ ಮಾಡ್ತಾ ಇರೂದು ಇದ್ರೆ ತಂದಿಡಿ. ಸೀಮೆಸುಣ್ಣ ಕೈಯಲ್ಲಿ ಇರೂದು."

ಮನೆಗೆ ಬಂದು ಟ್ರಂಕು ತೆಗೆದು ಹುಡುಕಿದೆ. ಶಾಲು ಹೊದೆಸಿದ್ದು ಹನ್ನೊಂದು ಸಿಕ್ಕಿತು. ಸೀಮೆಸುಣ್ಣದ್ದು ಒಂದೂ ಇಲ್ಲ.